ಎರಡು ನಿಮಿಷದ ನಮಸ್ಕಾರ

ಚಳಿ ಶುರುವಾಯಿತೆಂದು ಮೊನ್ನೆ ಹಳೆಯ ಕೋಟು ತೆಗೆದೆ. ಜೇಬಿನಲ್ಲಿ ನಾಲ್ಕಾಗಿ ಮಡಚಿದ ಹಾಳೆ. ಬಿಡಿಸಿದರೆ ನನ್ನದೇ ಭಾಷಣ. ಮುಕ್ಕಾಲು ಪಾಲು ಬರೀ ನಮಸ್ಕಾರ. ಒಬ್ಬನೇ ನಿಂತಿದ್ದರೂ ನಾಚಿಕೆಯಾಯಿತು, ನೋಡಿ.

ಕಡಲಾಚೆಯ ನಮ್ಮ ಈ ಊರು ಆಲ್ಡಿಯಲ್ಲಿ ಮನೆಗಳು ಏಳುವ ವೇಗಕ್ಕೆ ಶಾಲೆಗಳು ಸಾಲವು. ಆಗಾಗ ಸ್ಕೂಲ್ ಬೋರ್ಡಿನವರು ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಎಂದು ಗೆರೆಯನ್ನು ಹೊಸದಾಗಿ ಎಳೆಯುತ್ತಾರೆ. ಕೆಲವು ವರ್ಷಗಳ ಹಿಂದೆ ಅದು ನಮ್ಮ ರಸ್ತೆಯ ನಟ್ಟನಡುವೆ ಬರುವುದಿತ್ತು. ಈಚೆ ಬದಿಯ ನನ್ನ ಮಗಳು ಅನ್ವಿ ಹೊಸ ಶಾಲೆಗೆ, ಎದುರುಮನೆಯ ರಿಯಾ ಹಳೆಯದಕ್ಕೆ. ಕೋವಿಡ್ ವರ್ಷವಿಡೀ ಲ್ಯಾಪ್‌ಟಾಪಿನ ಮುಂದೆ ಕೂತು ಮಾತೇ ಕಡಿಮೆಯಾಗಿದ್ದ ಅನ್ವಿಗೆ ಇದ್ದವಳು ಅವಳೊಬ್ಬಳೇ ಗೆಳತಿ. ನನಗೆ ನಿಜಕ್ಕೂ ಭಯವಾಗಿತ್ತು.

ರಿಯಾಳ ತಾಯಿ ಲವೀನಾ ಮಂಗಳೂರಿನವರು, ನರ್ಸ್. "ಬೋರ್ಡ್ ಮೀಟಿಂಗಿಗೆ ಹೋಗಿ ಮಾತಾಡಿ ಮಾರಾಯ್ರೆ," ಎಂದರು.

"ನಾನು ವೀಸಾದಲ್ಲಿರೋನು. ವೋಟೇ ಇಲ್ಲ, ನನ್ ಮಾತು ಯಾರ್ ಕೇಳ್ತಾರೆ?"

"ಮೈಕಿನ ಹತ್ರ ಯಾರೂ ಪಾಸ್‌ಪೋರ್ಟ್ ಕೇಳುದಿಲ್ಲ. ನಾನೂ ಬರ್ತೇನೆ."

ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಶೀಲ್ಡು ಹೊತ್ತು ತಂದವನು ನಾನು. ಅಲ್ಲಿ ಒಬ್ಬೊಬ್ಬರಿಗೆ ಕೊಡುವ ಎರಡು ನಿಮಿಷ ಯಾವ ಮಹಾ ಅಂದುಕೊಂಡೆ. ನಮ್ಮ ಸಭೆಗಳು ನಿಮಗೂ ಗೊತ್ತಲ್ಲ, ವೇದಿಕೆಯಲ್ಲಿರುವವರನ್ನೆಲ್ಲ ವಂದಿಸದೆ ವಿಷಯಕ್ಕೆ ಬಂದರೆ ಅದು ಭಾಷಣವೇ ಅಲ್ಲ. ಅಧ್ಯಕ್ಷರಿಗೆ, ಒಬ್ಬೊಬ್ಬ ಸದಸ್ಯರಿಗೂ ಹೆಸರು ಹಿಡಿದು, ನೆರೆದ ಪೋಷಕರಿಗೆ, ಅವಕಾಶ ಕೊಟ್ಟ ಪ್ರಜಾಪ್ರಭುತ್ವಕ್ಕೆ, ಎಲ್ಲರಿಗೂ ಇಂಗ್ಲಿಷಿನಲ್ಲಿ ವಂದಿಸುತ್ತ ಗಾಂಭೀರ್ಯದಿಂದ ಸಾಗಿದೆ. ಸಮಯ ತೋರಿಸಲು ಎದುರಿಗಿಟ್ಟಿದ್ದ ಹಸಿರು ದೀಪ ಹಳದಿಯಾಯಿತು. "ನನ್ನ ಮಗಳು" ಎನ್ನುವಷ್ಟರಲ್ಲಿ ಕೆಂಪು ಬಂದು ಮೈಕು ನಿಂತಿತು. ಬರೀ ಕಣಕ ಬಡಿಸಿದ್ದಾಯಿತು, ಹೂರಣ ಬರಲೇ ಇಲ್ಲ.

ಬಂದು ಕೂತಾಗ ಪಕ್ಕದಲ್ಲಿದ್ದ ಅನ್ವಿ ಮೆಲ್ಲಗೆ ಅಂದಳು, "ಅಪ್ಪಾ, ಯು ಡಿಡಂಟ್ ಈವನ್ ಸೇ ಮೈ ನೇಮ್." ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಲವೀನಾ ಹೆಸರು ಕೊಟ್ಟಿದ್ದು ಶಾಲೆಗಳಿಗೆ ಇನ್ನಷ್ಟು ನರ್ಸುಗಳು ಬೇಕೆಂದು ಕೇಳಲು. ಬರೆದುಕೊಂಡದ್ದನ್ನು ಬ್ಯಾಗಿಗೆ ತುರುಕಿ ಮೈಕಿನ ಮುಂದೆ ನಿಂತರು. "ಅನ್ವಿ ನನ್ನ ಮಗಳಲ್ಲ, ಎದುರುಮನೆಯ ಮಗು. ಒಂದು ವರ್ಷ ಅವಳು ಯಾರ ಜೊತೆಗೂ ಮಾತಾಡಲಿಲ್ಲ. ಈಗ ನನ್ನ ಮಗಳ ಜೊತೆ ಮಾತಾಡುತ್ತಾಳೆ. ಅವರಿಬ್ಬರ ನಡುವೆ ಗೆರೆ ಎಳೆಯಬೇಡಿ," ಎಂದು ಇಂಗ್ಲಿಷಿನಲ್ಲಿ ಹೇಳಿ ಬಂದುಬಿಟ್ಟರು. ದೀಪ ಇನ್ನೂ ಹಸಿರಾಗಿತ್ತು.

"ಉಳಿದ ಟೈಮು ನಿಮಗೆ ಕೊಡ್ಲಿಕ್ಕೆ ರೂಲ್ಸ್ ಇಲ್ಲ ಮಾರಾಯ್ರೆ," ಎಂದು ನಕ್ಕರು.

ಗೆರೆ ಕೊನೆಗೆ ನಮ್ಮ ಹಿತ್ತಲಿನಾಚೆ ಸರಿಯಿತು. ಅವರ ಮಾತಿಗೋ, ಬಸ್ಸಿನ ಹಾದಿಯ ಅನುಕೂಲಕ್ಕೋ ತಿಳಿಯದು. ನನ್ನ ನಮಸ್ಕಾರಗಳಿಗಂತೂ ಅಲ್ಲ.

ಲವೀನಾ ಅವರ ಕುಟುಂಬ ಈಗ ಬೇರೆ ರಾಜ್ಯದ ಏಪೆಕ್ಸ್ ಎಂಬ ಊರಿನಲ್ಲಿದೆ. ಈ ಸಲ ಗೆರೆ ನಮ್ಮ ಹಿಂದಿನ ಬೀದಿಗೆ ಬಂದಿದೆ. ಅಲ್ಲಿಗೆ ಹೊಸದಾಗಿ ಬಂದ ದಂಪತಿಯ ಮಗಳು ಇರಾ ಈಗಷ್ಟೇ ಶಾಲೆಗೆ ಒಗ್ಗಿಕೊಂಡಿದ್ದಾಳೆ. "ನಮಗೆಲ್ಲಿ ವೋಟಿದೆ ಅಂಕಲ್?" ಎಂದು ಅವರು ಸುಮ್ಮನಾಗಿದ್ದಾರೆ. ನನಗೇನೂ ನಷ್ಟವಿಲ್ಲ. ಆದರೂ ನಾಳೆ ಮಾತಾಡಲು ಹೆಸರು ಕೊಟ್ಟಿದ್ದೇನೆ. ಹಳೆಯ ಹಾಳೆಯ ಹಿಂದೆಯೇ ನಾಲ್ಕು ಸಾಲು ಬರೆದು, ಟೈಮ್ ನೋಡೆಂದು ಅನ್ವಿಯನ್ನು ಎದುರಿಗೆ ಕೂರಿಸಿಕೊಂಡು ಓದಿದೆ, "ಇರಾ ನನ್ನ ಮಗಳಲ್ಲ."

ಅನ್ವಿ ಫೋನು ಕೆಳಗಿಟ್ಟು ನನ್ನ ಮುಖ ನೋಡಿದಳು.

"ಅಪ್ಪಾ, ನಾನೂ ಮಾತಾಡ್ತೀನಿ," ಎಂದಳು.