ಅಕ್ಕನನ್ನು ಕೇಳದೆ

ಅಕ್ಕತಂಗಿಯರ ಹೊಲಿಗೆ ಅಂಗಡಿಯಲ್ಲಿ ತಂಗಿಗೆ ಕೂದಲು ನರೆತಿದ್ದರೂ ಒಂದು ಗುಂಡಿಯ ಬಣ್ಣವನ್ನೂ ತಾನಾಗಿ ಆರಿಸಿದವಳಲ್ಲ. ಅಕ್ಕ ಬಟ್ಟೆ ಕತ್ತರಿಸುವುದು, ತಂಗಿ ಹೊಲಿಯುವುದು. ಹುಡುಗಿಯರಾಗಿದ್ದಾಗ ಮಾಡಿಕೊಂಡ ಏರ್ಪಾಡು. ಗಿರಾಕಿ ಏನೇ ಕೇಳಲಿ, ಅವಳದು ಒಂದೇ ಮಾತು: "ಅಕ್ಕನ್ನ ಕೇಳಿ ಹೇಳ್ತೀನಿ."

ಅಂಥ ಅಕ್ಕ ಮೇಲಿನ ಕಪಾಟಿಗೆ ಕೈಚಾಚಲು ಸ್ಟೂಲು ಹತ್ತಿ, ಬಿದ್ದು, ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದಳು. ಡಾಕ್ಟರಮ್ಮ ತಂಗಿಯನ್ನು ಪಕ್ಕಕ್ಕೆ ಕರೆದರು.

"ಆಪರೇಷನ್ ಮಾಡಿದ್ರೆ ಮತ್ತೆ ನಡೀಬಹುದು. ಆದ್ರೆ ಅವರ ಹೃದಯ ವೀಕು, ಜೀವಕ್ಕೇ ಅಪಾಯ ಆಗ್ಬಹುದು. ಮಾಡದಿದ್ರೆ ಹಾಸಿಗೆಯೇ ಗತಿ. ಅವರಿಗೋ ಮಂಪರು. ನೀವೇ ಹೇಳ್ಬೇಕು."

"ಒಂದ್ನಿಮಿಷ, ಅಕ್ಕನ್ನ ಕೇಳಿ ಹೇಳ್ತೀನಿ," ಎಂದಳು ತಂಗಿ.

ನಗಬೇಡಿ. ಹೇಳಿದ್ದಷ್ಟೇ ಅಲ್ಲ, ಹೋಗಿ ಕೇಳಿಯೂ ಕೇಳಿದಳು. ನೋವಿನ ಮದ್ದಿನ ಅಮಲಿನಲ್ಲಿದ್ದ ಅಕ್ಕ ಅರೆಗಣ್ಣು ಬಿಟ್ಟು, "ಎರಡಿಂಚು ಬಿಟ್ಟು ಕತ್ತರಿಸು. ತೊಳೆದ್ರೆ ಕುಗ್ಗುತ್ತೆ," ಎಂದು ಅಪ್ಪಣೆ ಕೊಟ್ಟು ಮತ್ತೆ ನಿದ್ದೆಹೋದಳು.

ಪಕ್ಕದ ಹಾಸಿಗೆಯವಳು ಕಿಸಕ್ಕನೆ ನಕ್ಕಳು. ತಂಗಿಗೂ ನಗು ಬಂತು, ಹಿಂದೆಯೇ ಅಳು ಒತ್ತರಿಸಿಕೊಂಡು ಬಂತು. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಇದನ್ನು ಬಿಚ್ಚುವುದೆಲ್ಲಿ? ಅಕ್ಕ ಉಳಿಯದೇ ಹೋದರೆ ಕೈಯಾರೆ ಕಳೆದುಕೊಂಡ ಹಾಗಲ್ಲವೇ?

ಹೊದಿಕೆಯಿಂದಾಚೆ ಅಕ್ಕನ ಪಾದಗಳು ಇಣುಕುತ್ತಿದ್ದವು. ದಿನವಿಡೀ ಮೇಜಿನ ಮುಂದೆ ನಿಂತೇ ಚಪ್ಪಟೆಯಾದ ಪಾದಗಳು. ಯಾರಾದರೂ ಕುರ್ಚಿ ಎಳೆದುಕೊಟ್ಟರೆ, "ಕೂತು ಕತ್ತರಿಸೋಕೆ ನಾನೇನು ಮುದುಕೀನಾ?" ಎಂದು ಹರಿಹಾಯುತ್ತಿದ್ದ ಹೆಂಗಸು. ಇವಳನ್ನು ಮಲಗಿಸಿಟ್ಟರೆ ತಾನೂ ಬದುಕುವುದಿಲ್ಲ, ಪಕ್ಕದಲ್ಲಿದ್ದವರನ್ನೂ ಬದುಕಗೊಡುವುದಿಲ್ಲ.

"ಆಪರೇಷನ್ ಮಾಡಿ," ಎಂದಳು ತಂಗಿ, ಡಾಕ್ಟರಮ್ಮನ ಬಳಿಗೆ ಹಿಂದಿರುಗಿ. ದನಿ ಅವಳಿಗೇ ಹೊಸದಾಗಿ ಕೇಳಿಸಿತು.

ಆಪರೇಷನ್ ಮುಗಿಯುವಷ್ಟರಲ್ಲಿ ಇದ್ದಬದ್ದ ಉಗುರನ್ನೆಲ್ಲ ಕಚ್ಚಿ ಮುಗಿಸಿದ್ದಳು. ಮಾರನೆಯ ದಿನ ಅಕ್ಕನಿಗೆ ಪೂರ್ತಿ ಎಚ್ಚರವಾಯಿತು, ಅಂದರೆ ಬೈಯುವಷ್ಟು.

"ಯಾರೇ ಒಪ್ಪಿದ್ದು ಇದಕ್ಕೆ?"

"ನಾನೇ."

"ಯಾರನ್ನ ಕೇಳಿ?"

"ಯಾರನ್ನೂ ಕೇಳ್ಲಿಲ್ಲ."

ಅಕ್ಕ ಏನೋ ಅನ್ನಬೇಕು ಎನ್ನುವಷ್ಟರಲ್ಲಿ ನರ್ಸ್ ಬಂದಳು. ನರ್ಸೂ ತಂಗಿಯೂ ಸೇರಿ ಅವಳನ್ನು ಎಬ್ಬಿಸಿ ನಿಲ್ಲಿಸಿದರು. ಕಾಲು ಗಡಗಡ ನಡುಗಿದರೂ ಅಕ್ಕ ನಿಂತಳು, ತಂಗಿಯ ಹೆಗಲ ಮೇಲೆ ಪೂರಾ ಭಾರ ಹಾಕಿ.

"ಭಯ ಆಗ್ಲಿಲ್ವೇನೇ ನಿಂಗೆ?" ಎಂದು ಕಿವಿಯ ಹತ್ತಿರ ಕೇಳಿದಳು.

"ಜೀವ ಬಾಯಿಗೆ ಬಂದಿತ್ತು ಅಕ್ಕಾ."

"ನಂಗೂ ಹಾಗೇ ಆಗುತ್ತೆ ಕಣೇ, ಕತ್ತರಿ ಹಾಕೋವಾಗ."

"ಯಾವಾಗ್ಲೂನಾ?"

"ಯಾವಾಗ್ಲೂ. ಹೇಳಿದ್ರೆ ನೀನು ಹೊಲೀತಿದ್ದೆಯಾ?"