ಮುಚ್ಚಳ ಮರೆತ ಪರೀಕ್ಷೆ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕಂಪ್ಯೂಟರ್ ಪತ್ರಿಕೆಯೊಂದರ ಕಚೇರಿಯ ಹಿಂದಿನ ಕೋಣೆಯಲ್ಲಿ ‘ಥರ್ಮಾಮೀಟರ್ ಅಕ್ಕ’ ಗೋಡೆಯ ಮೇಲಿನ ಉಷ್ಣಮಾಪಕ ನೋಡುತ್ತಾರೆ, ಕಿಟಕಿ ಮುಚ್ಚುತ್ತಾರೆ, ಮೇಜಿನ ಮೇಲಿನ ಕಂಪ್ಯೂಟರಿಗೆ ಪಕ್ಕದ ಮುಚ್ಚಳ ಕೂರಿಸಿ ಸ್ಕ್ರೂ ಬಿಗಿಯುತ್ತಾರೆ. ಬಿಗಿದ ಮೇಲೂ ಅಲ್ಲಾಡಿಸಿ ನೋಡುತ್ತಾರೆ. ಇವತ್ತು ಇನ್ನೊಮ್ಮೆ ಅಲ್ಲಾಡಿಸುತ್ತಾರೆ.

ಪೈಪೋಟಿಗೆ ಬಿದ್ದ ಕಂಪನಿಗಳ ಪ್ರೊಸೆಸರ್‌ಗಳಿಗೆ ಒಂದೇ ಕೆಲಸ ಕೊಟ್ಟು, ಯಾವುದು ಬೇಗ ಮುಗಿಸುತ್ತದೆ ಎಂದು ಅಳೆಯುವುದು ಇವರ ಕಸುಬು. ಅದೇ ರ‍್ಯಾಮ್, ಅದೇ ಫ್ಯಾನ್, ಕೆಲಸಕ್ಕೆ ಅದೇ ವಿಡಿಯೊ, ಅದೇ ಸೆಕೆ. ಬಿಸಿ ಏರಿದರೆ ಪ್ರೊಸೆಸರ್ ನಿಧಾನವಾಗುತ್ತದೆಂದು, ಒಂದರ ಪರೀಕ್ಷೆ ಮುಗಿದರೆ ಕೋಣೆ ತಣಿಯುವವರೆಗೆ ಇನ್ನೊಂದನ್ನು ಮುಟ್ಟುವುದಿಲ್ಲ. ಆ ಅಂಕಿ ಹಿಡಿದು ನಾವು ಅಂಗಡಿಯಲ್ಲಿ ಜಂಬ ಕೊಚ್ಚುತ್ತೇವೆ. ಅಳೆದವರು ಯಾರೆಂದು ಒಬ್ಬನೂ ಕೇಳುವುದಿಲ್ಲ. ಲೇಖನದ ತಲೆಯ ಮೇಲೆ ಬರೆದವರ ಫೋಟೊ ಮಾತ್ರ ನಗುತ್ತಿರುತ್ತದೆ.

ಅಕ್ಕ ಮೊದಲು ಕಂಪ್ಯೂಟರ್ ಅಂಗಡಿಯ ಕೌಂಟರಿನಲ್ಲಿದ್ದವರು. “ಯಾವುದು ಚೆನ್ನಾಗಿದೆ ಅಂತ ಗಿರಾಕಿ ಕೇಳ್ತಿದ್ರು. ನಂಗೇನು ಗೊತ್ತು? ಮಾಲೀಕರು ಯಾವುದನ್ನ ಮುಂದೆ ಇಟ್ಟಿರ್ತಾರೋ ಅದೇ ಚೆನ್ನಾಗಿರೋದು!” ಗಿಳಿಪಾಠ ಒಪ್ಪಿಸಿ ಸಾಕಾಗಿ ಇಲ್ಲಿಗೆ ಬಂದರು. ಗಂಡ ಬಸ್ ಚಾಲಕ. ಬೆಳಗಿನ ಮೊದಲ ಟ್ರಿಪ್ಪಿಗೆ ಹೊರಡುವಾಗ ಹೆಂಡತಿಯನ್ನು ಇಲ್ಲಿ ಇಳಿಸಿ ಹೋಗುತ್ತಾರೆ. ಅವರ ದೂರು ಒಂದೇ: “ನಂಗೆ ಜ್ವರ ಬಂದ್ರೆ ಹಣೆ ಮುಟ್ಟಿ ನೋಡಲ್ಲ ಕಣ್ರೀ ಇವಳು. ಆ ಕಂಪ್ಯೂಟರಿಗೆ ಒಂದು ಡಿಗ್ರಿ ಏರಿದ್ರೆ ಮನೆಗೇ ಬರಲ್ಲ.”

ಇವತ್ತು ಎರಡೆರಡು ಸಲ ನೋಡಲು ಕಾರಣವಿದೆ. ಈ ಸಂಚಿಕೆಗೆ ಅಳೆದ ಎರಡರಲ್ಲಿ ಬಿಳಿ ಡಬ್ಬಿಯಲ್ಲಿ ಬಂದ ಪ್ರೊಸೆಸರ್ ಕಪ್ಪು ಡಬ್ಬಿಯಲ್ಲಿ ಬಂದದ್ದಕ್ಕಿಂತ ಕೂದಲೆಳೆಯಷ್ಟು ಮುಂದಿತ್ತು. ‘ಬಿಳಿಗೆ ಗೆಲುವು’ ಎಂದು ಮುಖಪುಟವೂ ಸಿದ್ಧವಾಗಿತ್ತು. ನಿನ್ನೆ ಸಂಜೆ ಕಸ ಗುಡಿಸುವಾಗ ಬಾಗಿಲ ಹಿಂದೆ ಒರಗಿಸಿದ್ದ ಮುಚ್ಚಳವನ್ನು ಇವರು ಕಂಡರು. ಬಿಳಿಯದನ್ನು ಅಳೆಯುವ ಮುನ್ನ, ಫ್ಯಾನು ಯಾಕೆ ಸದ್ದು ಮಾಡುತ್ತಿದೆಯೆಂದು ನೋಡಲು ಬಿಚ್ಚಿದ್ದರು. ಹಾಕಲು ಮರೆತರು. ತೆರೆದ ಬದಿ ಗೋಡೆಯತ್ತ ಇದ್ದುದರಿಂದ ಕಣ್ಣಿಗೆ ಬಿದ್ದಿರಲಿಲ್ಲ. ಕಪ್ಪಿನದು ಮುಚ್ಚಿದ ಪೆಟ್ಟಿಗೆಯೊಳಗೆ ಬೆಂದು ದುಡಿದಿತ್ತು. ಬಿಳಿಯದಕ್ಕೆ ಗಾಳಿ ಧಾರಾಳವಾಗಿ ಸಿಕ್ಕಿತ್ತು.

ಬೇರೆ ಯಾರೂ ನೋಡಿಲ್ಲ. ಸದ್ದಿಲ್ಲದೆ ಮುಚ್ಚಳ ಹಾಕಿಬಿಟ್ಟಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ದೊಡ್ಡ ಕುರ್ಚಿಯಲ್ಲಿ ಕೂತ ಎಷ್ಟೋ ಜನ ಮಾಡುವುದು ಅಷ್ಟೇ.

ಮುಚ್ಚಳ ಹಾಕಿ ಮತ್ತೆ ಮಾಡಿದ ಬಿಳಿಯದರ ಪರೀಕ್ಷೆ ಮುಗಿಯುತ್ತದೆ. ಎರಡೂ ಸರಿಸಮ. ಅಕ್ಕ ಸಂಪಾದಕರಿಗೆ ಫೋನ್ ಮಾಡುತ್ತಾರೆ. ಆ ಕಡೆಯ ಗದ್ದಲ ಕೋಣೆಗೆಲ್ಲ ಕೇಳುತ್ತದೆ.

“ಸಮ ಅಂದ್ರೆ ಯಾರಮ್ಮಾ ಓದ್ತಾರೆ? ಮುಖಪುಟ ಪ್ರೆಸ್ಸಿಗೆ ಹೋಗೋ ಹೊತ್ತು! ಅಷ್ಟು ಸಣ್ಣ ವ್ಯತ್ಯಾಸ ಯಾರಿಗೆ ಗೊತ್ತಾಗುತ್ತೆ?”

“ನಂಗೆ ಗೊತ್ತಾಗಿದೆಯಲ್ಲ ಸರ್.”

“ತಪ್ಪು ಮಾಡಿದ್ದು ನೀವು. ನಿಮ್ಮನ್ನ ಇಟ್ಕೋಬೇಕಾ ಅಂತ ಯೋಚ್ನೆ ಮಾಡ್ಬೇಕಾಗುತ್ತೆ.”

“ತಪ್ಪು ನಂದೇ. ಬೈಯ್ರಿ, ಬೇಕಾದ್ರೆ ಕೆಲಸದಿಂದ ತೆಗೀರಿ. ಹಳೇ ಅಂಕಿ ಮಾತ್ರ ಹಾಕ್ಬೇಡಿ.”

ಕೊನೆಗೆ, “ಹೊಸದನ್ನ ಕಳಿಸಿ ತಾಯಿ,” ಎಂದವರೇ ಫೋನ್ ಇಟ್ಟರು.

ಕೆಲಸ ಉಳಿಯಿತೋ ಹೋಯಿತೋ ಅಕ್ಕನಿಗೂ ಗೊತ್ತಿಲ್ಲ. ಅಂಕಿ ಕಳಿಸಿ, ಕಿಟಕಿ ತೆರೆಯುತ್ತಾರೆ. ಒಮ್ಮೆಯಾದರೂ ಹೆಸರು ಅಚ್ಚಾಗಬೇಕು ಅನ್ನಿಸುವುದಿಲ್ಲವೇ ಎಂದರೆ ತಲೆ ಅಲ್ಲಾಡಿಸುತ್ತಾರೆ.

“ನನ್ನ ಹೆಸರು ತಗೊಂಡು ಯಾರು ಏನ್ ಮಾಡ್ತಾರೆ? ಅಂಕಿಗಳ ಕೆಳಗೆ ‘ಎರಡಕ್ಕೂ ಮುಚ್ಚಳ ಹಾಕಿತ್ತು’ ಅಂತ ಒಂದು ಸಾಲು ಹಾಕಲಿ. ಚಿಕ್ಕ ಅಕ್ಷರದಲ್ಲಾದ್ರೂ ಸಾಕು.”