ಆರ್ಲೀನಾ ಸಾಲು ಕೊಟ್ಟ ದಿನ

ನನ್ನ ಅಣ್ಣ ರಾಯ್ಸ್ ಕೆಂಟಕಿಯ ಬೆಟ್ಟಗಳಿಂದ ಹೆಂಡತಿಯನ್ನು ಕರೆತಂದಾಗ ನಮ್ಮ ಹ್ಯಾರಲ್ಸನ್ ಊರಿನಲ್ಲಿ ಮೂಗು ಮುರಿಯದವರು ಇರಲಿಲ್ಲ. ನಾನೂ ಮುರಿದೆ. ಗ್ಯಾಸ್ ಪೈಪಿಗೆ ವೆಲ್ಡಿಂಗ್ ಮಾಡಲು ಒಂದು ಚಳಿಗಾಲಕ್ಕೆಂದು ಹೋದವನು ಮದುವೆಯಾಗಿ ಬರುವುದೆಂದರೇನು? ಟೆಕ್ಸಸ್ಸಿನಲ್ಲಿ ಹುಡುಗಿಯರಿಗೆ ಬರ ಬಂದಿತ್ತೇ? ಆರ್ಲೀನಾ ಪಿಕಪ್ಪಿನಿಂದ ಇಳಿದು ಸುತ್ತ ಒಮ್ಮೆ ನೋಡಿದವಳೇ ಗಾಡಿಯ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಒಂದು ದಿಬ್ಬವೂ ಇಲ್ಲದ ಬಯಲನ್ನು ಅವಳು ಅದುವರೆಗೆ ಕಂಡಿರಲಿಲ್ಲ. ತಲೆ ಸುತ್ತುತ್ತಿದೆ ಎಂದಳು.

ಶನಿವಾರ ಬಂತೆಂದರೆ ನಮಗೆ ಡಾನ್ಸ್ ಹಾಲ್. ತಗಡಿನ ಛಾವಣಿ, ಮೆಕ್ಕೆಜೋಳದ ಹಿಟ್ಟು ಉದುರಿಸಿ ನುಣುಪು ಮಾಡಿದ ಮರದ ನೆಲ, ಪಿಟೀಲು, ಸ್ಟೀಲ್ ಗಿಟಾರು. ಅಜ್ಜಂದಿರು ಮೊಮ್ಮಕ್ಕಳನ್ನು ತಮ್ಮ ಬೂಟಿನ ಮೇಲೆ ನಿಲ್ಲಿಸಿಕೊಂಡು ಕುಣಿಸುತ್ತಾರೆ. ನಿದ್ದೆ ಬಂದ ಕೂಸುಗಳು ಮೇಜಿನ ಕೆಳಗೆ ಕಂಬಳಿಯ ಮೇಲೆ ಉರುಳಿಕೊಳ್ಳುತ್ತವೆ. ಆರ್ಲೀನಾ ಕುಣಿಯಲಿಲ್ಲ. ಅವಳ ಸಭೆಯವರು ಚರ್ಚಿನೊಳಗೆ ವಾದ್ಯವನ್ನೇ ಬಿಟ್ಟುಕೊಳ್ಳುವವರಲ್ಲ, ಇನ್ನು ಕುಣಿತವೆಲ್ಲಿ ಬಂತು. ಮಲಗಿದ ಕೂಸುಗಳನ್ನು ಕಾಯುತ್ತ ಸುಮ್ಮನೆ ಕೂತಳು. ಎಷ್ಟು ಜಂಬ ನೋಡು ಎಂದರು ನಮ್ಮವರು.

ರೇಡಿಯೋದವರು ಬೆಟ್ಟದವರ ಹಾಡನ್ನೂ ನಮ್ಮ ಹಾಡನ್ನೂ ಸೇರಿಸಿ ಕಂಟ್ರಿ ಎಂದು ಒಂದೇ ಹೆಸರಿನಿಂದ ಕರೆಯುತ್ತಾರೆ. ಗಾಡಿಯಲ್ಲಿ ಕೂತರೆ ಅವಳಿಗೂ ನಮಗೂ ಅವೇ ಹಾಡುಗಳು ಬಾಯಿಪಾಠ. ಆದರೆ ನಮಗೆ ಅವುಗಳಲ್ಲಿ ಕೇಳಿಸುವುದು ಕುದುರೆ, ದನ, ದೂರದ ರಸ್ತೆ, ಸೋಮವಾರವಾದರೂ ಇಳಿಯದ ಬಿಯರಿನ ಅಮಲು. ಅವಳಿಗೆ ಕೇಳಿಸುತ್ತಿದ್ದದ್ದು ಕಲ್ಲಿದ್ದಲ ಗಣಿಯಲ್ಲಿ ದುಡಿದು ಕೆಮ್ಮಿ ಕೆಮ್ಮಿ ಸತ್ತ ಅಪ್ಪ, ಮನೆಯ ಹಿಂದಿನ ಗುಡ್ಡದ ಮೇಲಿನ ಸಮಾಧಿಗಳು, ಅಂಗಳದವರೆಗೆ ಏರಿ ಬರುವ ತೊರೆ.

"ನಿಮ್ಮ ಹಾಡಲ್ಲಿ ಎಲ್ಲರೂ ಊರು ಬಿಟ್ಟು ಹೊರಟೇಬಿಡ್ತಾರಲ್ಲ ಗ್ವೆಂಡಾ, ಉಳಿದೋರು ಏನ್ಮಾಡ್ತಾರೆ?" ಎಂದು ಒಮ್ಮೆ ಕೇಳಿದಳು.

"ದನ ನೋಡ್ಕೋತಾರೆ," ಎಂದೆ.

ಗೊಳ್ಳೆಂದು ನಕ್ಕಳು. ಅವತ್ತಿನಿಂದ ನನಗೆ ಅತ್ತಿಗೆ ಹಿಡಿಸಿಬಿಟ್ಟಳು.

ಅಮ್ಮನಿಗೆ ಮಾತ್ರ ಹಿಡಿಸಲಿಲ್ಲ. ನಮ್ಮಮ್ಮ ಏವಿಸ್ ಅಂಗಳಕ್ಕಿಳಿದರೆ ಹೋರಿಗಳೂ ದಾರಿ ಬಿಡುತ್ತವೆ. ಬೀನ್ಸಿಗೆ ಮೆಣಸಿನಕಾಯಿ ಹಾಕಲು ಬಾರದ, ಕುದುರೆ ಏರಲು ಹೆದರುವ, ಕುಣಿಯದ ಸೊಸೆಯನ್ನು ಕಟ್ಟಿಕೊಂಡು ನನ್ನ ಮಗ ಏನು ಸುಖ ಪಟ್ಟ ಎಂದು ನೆರೆಯವರ ಮುಂದೆಯೇ ಹೇಳುತ್ತಿದ್ದಳು. ಹೆಸರು ಹಿಡಿದು ಕರೆದದ್ದಿಲ್ಲ, 'ಬೆಟ್ಟದವಳು' ಎನ್ನುತ್ತಿದ್ದಳು. ಆರ್ಲೀನಾ ಎದುರು ಮಾತಾಡಿದವಳಲ್ಲ. ಹೌದು ಮ್ಯಾಮ್, ಇಲ್ಲ ಮ್ಯಾಮ್, ಇಷ್ಟರಲ್ಲೇ ವರ್ಷಗಳು ಕಳೆದವು.

ರಾಯ್ಸ್ ಮಾತ್ರ ಹೆಂಡತಿಯ ಊರಿನ ಹಾಡಿನ ಮಾತು ಬಂದರೆ ಧ್ವನಿ ತಗ್ಗಿಸುತ್ತಿದ್ದ. ಅವಳ ಅಪ್ಪನನ್ನು ಮಣ್ಣು ಮಾಡಿದ ದಿನ ಅವನು ಅಲ್ಲಿದ್ದ. ಪಿಟೀಲಿಲ್ಲ, ಪುಸ್ತಕವಿಲ್ಲ, ಗುಡ್ಡದ ಮೇಲೆ ನಿಂತ ಅಷ್ಟೂ ಜನ ಒಂದೇ ಗಂಟಲಾಗಿ ಹಾಡಿದರಂತೆ, ಕಾಲ ಕೆಳಗಿನ ನೆಲ ಗುಂಯ್ ಎಂದಿತಂತೆ. ರೇಡಿಯೋದಲ್ಲಿ ಬರುವುದೆಲ್ಲ ಆ ಹಾಡಿನ ಮರಿಮಕ್ಕಳು ಎನ್ನುತ್ತಿದ್ದ. ತಾನು ಮೊದಲು ಹೋದರೆ ಹಾಗೆಯೇ ಹಾಡಿ ಕಳಿಸಬೇಕೆಂದು ಆರ್ಲೀನಾಳಿಂದ ಮಾತು ತೆಗೆದುಕೊಂಡಿದ್ದ. ಗಟ್ಟಿಮುಟ್ಟಾದ ಆಳು, ತಮಾಷೆಗೆ ಹೇಳುತ್ತಾನೆ ಎಂದು ನಕ್ಕಿದ್ದೆ ನಾನು.

ಜುಲೈಯಲ್ಲಿ ಅವನ ಕುದುರೆ ನೆಲದ ಬಿಲಕ್ಕೆ ಕಾಲು ಹಾಕಿ ಅವನ ಮೇಲೆಯೇ ಮಗುಚಿತು. ರಾಯ್ಸ್ ಆಸ್ಪತ್ರೆಯವರೆಗೂ ಉಳಿಯಲಿಲ್ಲ.

ಆರ್ಲೀನಾ ಮೊದಲು ಫೋನು ಮಾಡಿದ್ದು ತನ್ನ ಅಣ್ಣಂದಿರಿಗೆ. ಅದೇ ವಾರ ಅವರ ಕಣಿವೆಯಲ್ಲಿ ತೊರೆ ಉಕ್ಕಿ ಸೇತುವೆಯನ್ನು ಕೊಚ್ಚಿಕೊಂಡು ಹೋಗಿತ್ತು. ಒಬ್ಬರೂ ಹೊರಡುವಂತಿರಲಿಲ್ಲ. "ನೀವ್ಯಾರೂ ಇಲ್ಲದೆ ನಾನು ಹೇಗೆ ಹಾಡ್ಲಿ? ಅವನಿಗೆ ಮಾತು ಕೊಟ್ಟಿದೀನಿ," ಎನ್ನುತ್ತಿದ್ದದ್ದು ಅಡುಗೆಮನೆಯಲ್ಲಿದ್ದ ನನ್ನ ಕಿವಿಗೆ ಬಿತ್ತು. ದುಃಖದಲ್ಲಿ ಧೈರ್ಯ ಸಾಲುತ್ತಿಲ್ಲ, ಅದಕ್ಕೆ ಹೀಗೆನ್ನುತ್ತಾಳೆ ಎಂದುಕೊಂಡೆ. ಇನ್ನೊಂದು ಮಾತು ಕೇಳಬಾರದಿತ್ತೇ ನಾನು? ಕೇಳಲಿಲ್ಲ.

ಅಮ್ಮ ಅಷ್ಟರಲ್ಲಿ ಡಾನ್ಸ್ ಹಾಲಿನ ಬ್ಯಾಂಡಿನವರಿಗೆ ಹೇಳಿಯಾಗಿತ್ತು. ಸಮಾಧಿಯ ಪಕ್ಕದಲ್ಲಿ ರಾಯ್ಸನ ಮೆಚ್ಚಿನ ಕುಣಿತದ ರಾಗ, ವಾಲ್ಟ್ಸ್, ನುಡಿಸಬೇಕು. ಆರ್ಲೀನಾ ಬೇಡವೆನ್ನಲಿಲ್ಲ. ಮಣ್ಣು ಹಾಕುವ ಮುಂಚೆ ತನ್ನದೂ ಒಂದು ಹಾಡು ಆಗಬೇಕು, ಅದಾಗದೆ ಒಂದು ಹಿಡಿ ಮಣ್ಣನ್ನೂ ಹಾಕಲು ಬಿಡುವುದಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು. ಅವಳು ಅಮ್ಮನೆದುರು ಹಾಗೆ ಮಾತಾಡಿದ್ದನ್ನು ಅವತ್ತೇ ನಾನು ಕಂಡದ್ದು. ಅಮ್ಮ ಅವಳ ಮುಖವನ್ನೇ ನೋಡಿ, ಸರಿ ಎಂದಳು.

ನಮ್ಮ ಸ್ಮಶಾನ ದನದ ಬೇಲಿಗೆ ತಾಗಿಕೊಂಡಿದೆ. ಬಯಲಿನ ಬಿಸಿಗಾಳಿ ಬೀಸುತ್ತಿತ್ತು. ಊರಿಗೆ ಊರೇ ನೆರೆದಿತ್ತು. ಪಾದ್ರಿಗಳ ಪ್ರಾರ್ಥನೆ ಮುಗಿಯಿತು, ವಾಲ್ಟ್ಸ್ ಮುಗಿಯಿತು. ಗಂಡಸರು ಸಲಿಕೆಯ ಕಡೆಗೆ ನೋಡಿದರು. ಆರ್ಲೀನಾ ಶವಪೆಟ್ಟಿಗೆಯ ತಲೆಯ ಕಡೆ ಹೋಗಿ ನಿಂತು, ಒಂದು ಸಾಲನ್ನು ಮಾತಿಗಿಂತ ತುಸು ಮೇಲೆ, ಹಾಡಿಗಿಂತ ತುಸು ಕೆಳಗೆ, ಬೇಗ ಬೇಗ ಹೇಳಿದಳು.

"ಆಚೆ ದಡದಲ್ಲಿ ದೀಪ ಕಂಡಿದೆ, ನನ್ನ ದೋಣಿಗೆ ಹುಟ್ಟಿಲ್ಲ."

ಅಷ್ಟು ಹೇಳಿ ನಿಲ್ಲಿಸಿದಳು.

ನಾವು ಟೋಪಿ ತೆಗೆದು ತಲೆ ತಗ್ಗಿಸಿದೆವು. ಸಮಾಧಿಯ ಬಳಿ ಯಾರಾದರೂ ಹಾಡಿದರೆ ನಮ್ಮಲ್ಲಿ ಉಸಿರೂ ಬಿಡುವುದಿಲ್ಲ, ಅದು ನಮ್ಮ ಮರ್ಯಾದೆ. ಅವಳ ಬೆಟ್ಟದಲ್ಲಿ ಕ್ರಮವೇ ಬೇರೆ. ಒಬ್ಬರು ಸಾಲು ಕೊಡುತ್ತಾರೆ. ಅದನ್ನು ಎತ್ತಿಕೊಂಡು ಎಳೆದೆಳೆದು ಹಾಡುವವರು ಸುತ್ತ ನಿಂತವರೆಲ್ಲ. ಸುತ್ತಲಿನವರು ಹಾಡದಿದ್ದರೆ ಅಲ್ಲಿ ಹಾಡೇ ಇಲ್ಲ. ಇದು ನಮಗೆಲ್ಲಿ ಗೊತ್ತು? ತನ್ನೂರಿನಲ್ಲಿ ಮಾತು ಬಲ್ಲ ಕೂಸಿಗೂ ಗೊತ್ತಿರುವ ಸಂಗತಿಯನ್ನು ಬಿಡಿಸಿ ಹೇಳಬೇಕೆಂದು ಅವಳಿಗಾದರೂ ಎಲ್ಲಿ ಹೊಳೆಯಬೇಕು?

ಕಾದಳು. ಮತ್ತೆ ಅದೇ ಸಾಲು ಕೊಟ್ಟಳು. ನಾವು ಇನ್ನಷ್ಟು ಮರ್ಯಾದೆಯಿಂದ ಇನ್ನಷ್ಟು ಸುಮ್ಮನಾದೆವು. ತಲೆ ಎತ್ತಿ ನೋಡಿದೆ. ಅವಳು ಒಬ್ಬೊಬ್ಬರ ಮುಖವನ್ನೂ ಹುಡುಕುತ್ತಿದ್ದಳು. ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು, ಏನೆಂದು ತಿಳಿಯಲಿಲ್ಲ. ಮೂರನೆಯ ಸಲ ಬಾಯಿ ತೆರೆದಳು, ಸ್ವರ ಹೊರಡಲಿಲ್ಲ. ಸಲಿಕೆಯವನೊಬ್ಬ ಮುಗಿಯಿತೆಂದು ಮುಂದೆ ಹೆಜ್ಜೆ ಇಟ್ಟ.

"ನಿಲ್ಲೋ," ಎಂದಳು ಅಮ್ಮ.

ಸೊಸೆ ದುಃಖದಲ್ಲಿ ಮುಂದಿನ ಸಾಲು ಮರೆತಿದ್ದಾಳೆ, ಕಂಡವರ ಮುಂದೆ ನಗೆಪಾಟಲಾಗುತ್ತಾಳೆ ಎಂದು ಅವಳ ಎಣಿಕೆ. ಶಾಲೆಯ ಮಕ್ಕಳಿಗೆ ನೆನಪು ಮಾಡಿಕೊಡುವ ಹಾಗೆ ಆ ಸಾಲನ್ನು ತಾನೇ ಹಿಡಿದಳು. ಅಮ್ಮನದು ದನ ಅಟ್ಟಿ ಅಟ್ಟಿ ಒಡೆದ ಗಂಟಲು, ಶ್ರುತಿಗೂ ಅದಕ್ಕೂ ಆಗಿಬರುವುದಿಲ್ಲ. ಆಚೆ ದಡದಲ್ಲಿ ದೀಪ ಕಂಡಿದೆ ಎಂದು ಎಳೆದಳು. ಉಸಿರು ಸಾಲದೆ ನಡುವೆ ನಿಂತು, ಮತ್ತೆ ಎಳೆದು, ನನ್ನ ದೋಣಿಗೆ ಹುಟ್ಟಿಲ್ಲ ಎಂದು ಮುಗಿಸಿದಳು.

ಆರ್ಲೀನಾಳ ಮುಖ ಆಗ ಬೆಳಗಿದ್ದನ್ನು ನಾನು ಹೇಗೆ ಹೇಳಲಿ? ತಟ್ಟನೆ ಎರಡನೆಯ ಸಾಲು ಕೊಟ್ಟಳು. ಅಮ್ಮ ಅದನ್ನೂ ಎತ್ತಿಕೊಂಡಳು, ಈ ಸಲ ನಾನೂ ಸೇರಿದೆ. ಮೂರನೆಯದಕ್ಕೆ ಪಿಟೀಲಿನ ಮುದುಕ ಕ್ಲಿಟಸ್ ಪಿಟೀಲನ್ನು ಹುಲ್ಲಿನ ಮೇಲಿಟ್ಟು ಬಾಯಿ ಬಿಟ್ಟ. ಆಮೇಲೆ ಯಾರು ಯಾವಾಗ ಸೇರಿದರೋ ತಿಳಿಯದು. ಒಬ್ಬರ ಧಾಟಿ ಒಬ್ಬರಿಗೆ ಕೂಡುತ್ತಿರಲಿಲ್ಲ, ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಹಿಡಿಯುತ್ತಿದ್ದರು. ಅಷ್ಟಾದರೂ ಅಬ್ಬಾ, ಎಂಥ ಹಾಡದು! ಬೇಲಿಯಾಚೆಯ ದನಗಳು ಮೇಯುವುದನ್ನು ಬಿಟ್ಟು ತಲೆ ಎತ್ತಿ ನಿಂತವು. ಅಷ್ಟು ಅಗಲದ ಆ ಬಯಲು ತುಂಬಿಹೋಯಿತು. ರಾಯ್ಸ್ ಧ್ವನಿ ತಗ್ಗಿಸಿ ಹೇಳುತ್ತಿದ್ದದ್ದಕ್ಕೆ ನಾನು ನಕ್ಕಿದ್ದೆನಲ್ಲ ಎಂದು ಅಳು ಬಂತು.

ಹಾಡುತ್ತಲೇ ಒಬ್ಬೊಬ್ಬರ ಬಳಿಗೂ ಹೋಗಿ ಕೈ ಹಿಡಿಯುವುದು ಅವರ ಪದ್ಧತಿ. ಸಾಲು ಕೊಡುತ್ತ, ಅಳುತ್ತ ಆರ್ಲೀನಾ ಅಮ್ಮನಿಂದಲೇ ಶುರು ಮಾಡಿದಳು. ಅಮ್ಮ ಅವಳ ಕೈಯನ್ನು ಎರಡೂ ಕೈಗಳಿಂದ ಹಿಡಿದವಳು ಬಿಡಲೊಲ್ಲಳು. ಹಾಡು ಮುಗಿಯಿತು. ಗಂಡಸರು ಸಲಿಕೆ ಹಿಡಿದರು. ಮಣ್ಣು ಪೆಟ್ಟಿಗೆಯ ಮೇಲೆ ಬೀಳುತ್ತಿದ್ದಾಗಲೂ ಬಿಟ್ಟಿರಲಿಲ್ಲ.

"ಬಿಡಿ ಮ್ಯಾಮ್, ಎಲ್ಲರ ಕೈ ಹಿಡೀಬೇಕು ನಾನು," ಎಂದಳು ಆರ್ಲೀನಾ ಮೆಲ್ಲಗೆ.

"ಕಾಯ್ಲಿ ಬಿಡು ಅವ್ರು," ಎಂದಳು ಅಮ್ಮ.